ಹಿಮದ ನೀಲಿ

ಹಿಮ ಬೆಳ್ಳಗಿರುತ್ತದೆಂದು ನಾವೆಲ್ಲ ಶಾಲೆಯ ಪುಸ್ತಕದಲ್ಲೇ ಕಲಿತುಬಿಟ್ಟಿದ್ದೇವೆ. ಫ್ರಾನ್ಸಿನ ಕ್ಲೋದ್ ಮೊನೆ ಬರೆದ ‘ಮ್ಯಾಗ್‌ಪೈ’ ಚಿತ್ರದಲ್ಲಿ ಅಂಥ ಅಚ್ಚ ಬಿಳುಪನ್ನು ಹುಡುಕಬೇಕು. ಬಿಸಿಲು ತಾಗಿದಲ್ಲಿ ಕೆನೆಯ ಹಳದಿ. ಹೆಣೆದ ಬೇಲಿಯ ನೆರಳು ಚಾಚಿದಲ್ಲಿ ನೀಲಿ. ಮರದ ಗೇಟಿನ ಮೇಲೆ ಕಾಗೆಯ ಬಳಗದ ಒಂದು ಹಕ್ಕಿ. ಮನುಷ್ಯರ ಸುಳಿವಿಲ್ಲ.

ಇದು 1868-69ರ ಚಳಿಗಾಲದಲ್ಲಿ, ನಾರ್ಮಂಡಿ ಕರಾವಳಿಯ ಎತ್ರೆತಾ ಊರಿನ ಬಳಿ ಬರೆದದ್ದು. ಮೊನೆಗೆ ಆಗ ಇಪ್ಪತ್ತೆಂಟು ವರ್ಷ. ಜೊತೆಗೆ ಇನ್ನೂ ಮದುವೆಯಾಗಿರದ ಕಮೀಯ್, ವರ್ಷ ದಾಟಿದ ಮಗ ಝಾನ್. ಕೈಯಲ್ಲಿ ಕಾಸಿಲ್ಲದ ದಿನಗಳು. 1869ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದವರು ಚಿತ್ರವನ್ನು ಬೇಡವೆಂದರು. ನೆರಳೆಂದರೆ ಕಂದು, ಕಪ್ಪು ಎಂದು ರೂಢಿಯಾದ ಕಣ್ಣುಗಳಿಗೆ ನೀಲಿ ನೆರಳು ಹಿಡಿಸುವುದು ಕಷ್ಟವೇ.

ನಮ್ಮಂಥವರನ್ನು ಕೇಳಿದ್ದರೆ ಒಪ್ಪುತ್ತಿದ್ದೆವೇನೋ! ಪಂಚೆ, ಬಿಳಿ ಸೀರೆಗಳನ್ನು ಕೊನೆಯ ನೀರಿನಲ್ಲಿ ನೀಲಿ ಹಾಕಿ ಅದ್ದಿ ತೆಗೆದವರಿಗೆ ಬಿಳುಪಿಗೂ ನೀಲಿಗೂ ಇರುವ ನಂಟು ಗೊತ್ತು. ನಂಟು ಬರೀ ಹೋಲಿಕೆಯದಲ್ಲ. ಅಲ್ಟ್ರಾಮರೀನ್ ಎಂಬ ನೀಲಿಯನ್ನು ಹಿಂದೆ ಅಫಘಾನಿಸ್ತಾನದ ಕಲ್ಲನ್ನು ಅರೆದು ಮಾಡಬೇಕಿತ್ತು, ಬಹಳ ದುಬಾರಿ. ಅದನ್ನು ಅಗ್ಗವಾಗಿ ತಯಾರಿಸುವ ಬಗೆ ಕಂಡುಹಿಡಿದ ಗಿಮೆ ಎಂಬ ಫ್ರೆಂಚನಿಗೆ 1828ರಲ್ಲಿ 6000 ಫ್ರಾಂಕ್ ಬಹುಮಾನ ಬಂತು. ಆಮೇಲೆ ಅದೇ ನೀಲಿ ಚಿತ್ರಕಾರರ ಪೆಟ್ಟಿಗೆಗೂ ಹೋಯಿತು, ಬಟ್ಟೆ ಒಗೆಯುವ ಬಕೇಟಿಗೂ ಬಂತು. 1841ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ತವರದ ಟ್ಯೂಬು ಮಾಡಿದ ಮೇಲೆ ಎಣ್ಣೆಬಣ್ಣವನ್ನು ಬಯಲಿಗೆ ಒಯ್ಯುವುದೂ ಸುಲಭವಾಯಿತು.

ಹಿಮದ ಮೇಲಿನ ಬೆಳಕು ಕಾಯುವುದಿಲ್ಲ. ನುಣ್ಣಗೆ ತಿದ್ದುತ್ತ ಕೂತರೆ ನೆರಳು ಜಾಗ ಬದಲಿಸಿರುತ್ತದೆ. ಆದ್ದರಿಂದ ಬಣ್ಣಗಳನ್ನು ಪೂರ್ತಿ ಬೆರೆಸದೆ ಪಕ್ಕಪಕ್ಕದಲ್ಲೇ ಬೇಗಬೇಗ ಹಚ್ಚುವುದು. ಕೂಡಿಸಿಕೊಳ್ಳುವ ಕೆಲಸ ನೋಡುವವರ ಕಣ್ಣಿಗೆ. ಹೀಗೆ ಹಿಮದಲ್ಲಿ ನಿಂತ ಮೊನೆಯನ್ನು ಪತ್ರಕರ್ತನೊಬ್ಬ ಕಂಡು ಬರೆದಿದ್ದಾನೆ: ಕಾಲ ಬಳಿ ಕೆಂಡದ ಪೆಟ್ಟಿಗೆ, ಮೈಮೇಲೆ ಮೂರು ಓವರ್‌ಕೋಟು.

ಸಲೋನ್ ತಳ್ಳಿದ ಆ ಚಿತ್ರ ಈಗ ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿದೆ. ನನಗೆ ಅದಕ್ಕಿಂತ ಹತ್ತಿರವಾದದ್ದು ಅಮೆರಿಕದ ಕ್ಲೀವ್‌ಲೆಂಡಿನಲ್ಲಿರುವ ‘ಕೆಂಪು ವಸ್ತ್ರ’. ಇಲ್ಲಿ ಚಿತ್ರಕಾರ ಮನೆಯೊಳಗಿದ್ದಾನೆ. ಗಾಜಿನಾಚೆ ಹಿಮ. ತಲೆಗೆ ಕೆಂಪು ವಸ್ತ್ರ ಹೊದ್ದ ಕಮೀಯ್ ಹಾದುಹೋಗುತ್ತ ಒಳಗೆ ತಿರುಗಿ ನೋಡುತ್ತಾಳೆ. 1870ರಲ್ಲಿ ಮದುವೆಯಾಗಿ, 1879ರಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡಳು. ಮೊನೆ ಮತ್ತೊಂದು ಮದುವೆಯಾದ, ಹೆಸರು ಮಾಡಿದ, ಹಣವಂತನೂ ಆದ. ಈ ಚಿತ್ರವನ್ನು ಮಾತ್ರ 1926ರಲ್ಲಿ ತಾನು ಸಾಯುವವರೆಗೂ ಯಾರಿಗೂ ಮಾರಲಿಲ್ಲ.

ಅವನ ಮೂರು ಕೋಟುಗಳ ಲೆಕ್ಕವೇನೋ ಸಿಕ್ಕಿತು. ಅವಳು ಆ ಚಳಿಯಲ್ಲಿ ಗಾಜಿನಾಚೆ ಎಷ್ಟು ಹೊತ್ತು ನಿಂತಿದ್ದಳೋ.