ಅರಗಿಗೆ ಒತ್ತಿದ ದನಿ: ‘ಮುದ್ರಿಕೆ’ ಎಂಬ ಪದದ ಬಾಳು

ಹಾಡನ್ನು ಹೊತ್ತು ತಿರುಗುತ್ತಿದ್ದ ಕರಿಯ ಬಿಲ್ಲೆಗೆ ಕನ್ನಡಿಗರು ಇಟ್ಟುಕೊಂಡ ಹೆಸರುಗಳು ಒಂದೆರಡಲ್ಲ. ಪೇಟೆಯ ಅಂಗಡಿಯಲ್ಲಿ ಅದು ‘ಪ್ಲೇಟು’, ಮನೆಯ ಹಿರಿಯರ ಬಾಯಲ್ಲಿ ‘ತಟ್ಟೆ’, ಮದುವೆ ಜಾತ್ರೆಗಳಿಗೆ ಮೈಕ್‌ಸೆಟ್ ಕಟ್ಟುತ್ತಿದ್ದವರಿಗೆ ‘ರೆಕಾರ್ಡು’; ಆಕಾಶವಾಣಿಯ ಉದ್ಘೋಷಕರಿಗೆ, ಪತ್ರಿಕೆಗಳಿಗೆ ಮತ್ತು ಸಂಗೀತದ ಪುಸ್ತಕಗಳಿಗೆ ಮಾತ್ರ ಅದು ‘ಧ್ವನಿಮುದ್ರಿಕೆ’. ಮೊದಲ ಮೂರು ಹೆಸರುಗಳು ಜನರ ನಾಲಿಗೆಯ ಮೇಲೆ ನಲಿದವು, ಕೊನೆಯದು ಬರಹದಲ್ಲಿ ನೆಲೆ ನಿಂತಿತು. ಆ ಕಾರಣಕ್ಕಾಗಿಯೇ ಅದನ್ನು ಪಂಡಿತರು ಕಟ್ಟಿದ ಭಾರದ ಪದವೆಂದು ಪಕ್ಕಕ್ಕಿಡುವ ರೂಢಿಯೂ ಇದೆ. ಆದರೆ ತಟ್ಟೆಯನ್ನು ಏತರಿಂದ, ಹೇಗೆ ಮಾಡುತ್ತಿದ್ದರು ಎಂಬುದನ್ನು ತಿಳಿದು, ‘ಮುದ್ರಿಕೆ’ ಎಂಬ ಪದ ಕನ್ನಡದಲ್ಲಿ ಅದಕ್ಕೂ ಮೊದಲು ಏನೇನು ಕೆಲಸ ಮಾಡಿತ್ತು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ನಾಲ್ಕು ಹೆಸರುಗಳಲ್ಲಿ ವಸ್ತುವಿನ ಒಳಗನ್ನು ಹೇಳಿದ್ದು ಇದೊಂದೇ ಎಂಬುದು ಗೊತ್ತಾಗುತ್ತದೆ.

ಸಂಸ್ಕೃತದ ‘ಮುದ್ರಾ’ ಕನ್ನಡದಲ್ಲಿ ‘ಮುದ್ರೆ’ಯಾದಂತೆ, ಅದರ ಕಿರಿದುರೂಪವಾದ ‘ಮುದ್ರಿಕಾ’ ‘ಮುದ್ರಿಕೆ’ಯಾಯಿತು, ಒತ್ತಿದಾಗ ಗುರುತು ಮೂಡಿಸುವ ಉಂಗುರ ಎಂಬುದು ಅದರ ಹಳೆಯ ಅರ್ಥ. ರಾಮಾಯಣದಲ್ಲಿ ಹನುಮಂತನು ಸಮುದ್ರವನ್ನು ದಾಟಿ ಒಯ್ದು ಸೀತೆಯ ಮುಂದಿಟ್ಟದ್ದು ಇಂಥ ಮುದ್ರೆಯುಂಗುರವನ್ನೇ, ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಚಾಣಕ್ಯನ ತಂತ್ರವೆಲ್ಲ ನಿಂತಿರುವುದು ಅಮಾತ್ಯ ರಾಕ್ಷಸನ ಮುದ್ರೆಯುಂಗುರದ ಮೇಲೆಯೇ. ಎರಡೂ ಕಡೆ ಉಂಗುರದ ಬೆಲೆ ಅದರ ಚಿನ್ನದಲ್ಲಿಲ್ಲ. ಎದುರಿಗಿಲ್ಲದ ವ್ಯಕ್ತಿಯ ಪರವಾಗಿ ಅದು ನುಡಿಯುತ್ತದೆ ಎಂಬುದರಲ್ಲಿದೆ. ಆಷಾಢದ ಏಕಾದಶಿಯಂದು ಮಾಧ್ವರು ಕಾಯಿಸಿದ ಶಂಖ ಚಕ್ರಗಳ ಅಚ್ಚನ್ನು ಮೈಮೇಲೆ ಒತ್ತಿಸಿಕೊಳ್ಳುವ ತಪ್ತಮುದ್ರಾಧಾರಣೆಯಲ್ಲಿಯೂ ಇದೇ ಪದವಿದೆ. ಅಚ್ಚುಕೂಟಗಳು ಬಂದ ಮೇಲೆ ‘ಮುದ್ರಣ’ವೂ ಇದರಿಂದಲೇ ಹುಟ್ಟಿತು.

ಈ ಪದದ ಇನ್ನೊಂದು ಬಾಳು ಕನ್ನಡ ಸಾಹಿತ್ಯಕ್ಕೆ ಸೇರಿದ್ದು. ವಚನದ ಕೊನೆಯಲ್ಲಿ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಇರಿಸಿ ರಚನೆ ತಮ್ಮದೆಂದು ತಿಳಿಸುವ ಪದ್ಧತಿಗೆ ‘ಅಂಕಿತ’ ಎನ್ನುವಂತೆಯೇ ‘ಮುದ್ರಿಕೆ’ ಎಂದೂ ಹೇಳುತ್ತಾರೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ ಎಂಬ ಮುದ್ರಿಕೆಗಳಿರುವಂತೆ, ಹರಿದಾಸರ ಪದಗಳಲ್ಲಿ ಪುರಂದರವಿಠಲನೂ ಕಾಗಿನೆಲೆಯ ಆದಿಕೇಶವನೂ ಬರುತ್ತಾರೆ. ಕರ್ನಾಟಕ ಸಂಗೀತದ ವಾಗ್ಗೇಯಕಾರರು, ಎಂದರೆ ಸಾಹಿತ್ಯವನ್ನೂ ಸ್ವರವನ್ನೂ ತಾವೇ ಕಟ್ಟಿದವರು, ತಮ್ಮ ಕೃತಿಗಳಲ್ಲಿ ಇರಿಸಿದ ಹೆಸರಿಗೂ ಮುದ್ರೆಯೆಂದೇ ಹೆಸರು. ಹೀಗೆ ಗ್ರಾಮಫೋನು ಕನ್ನಡನಾಡಿಗೆ ಕಾಲಿಡುವ ಎಷ್ಟೋ ಶತಮಾನಗಳ ಮೊದಲೇ, ಹಾಡು ಯಾರದೆಂಬುದನ್ನು ಹಾಡಿನೊಳಗೇ ಒತ್ತಿ ಇಡುವ ಕ್ರಮಕ್ಕೆ ಈ ಪದ ಸಲ್ಲುತ್ತಿತ್ತು.

ಎಡಿಸನ್ 1877ರಲ್ಲಿ ತೋರಿಸಿದ ಫೋನೋಗ್ರಾಫಿನಲ್ಲಿ ದನಿ ಉರುಳೆಯ ಮೇಲೆ ಮೂಡುತ್ತಿತ್ತು. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಹಕ್ಕುಪತ್ರ ಪಡೆದ ಗ್ರಾಮಫೋನು ಉರುಳೆಯ ಬದಲು ಚಪ್ಪಟೆ ಬಿಲ್ಲೆಗೆ ದಾರಿಮಾಡಿತು. ಈ ಬದಲಾವಣೆಯ ಮಹತ್ವ ಆಕಾರಕ್ಕಿಂತ ಹೆಚ್ಚಾಗಿ ನಕಲಿನಲ್ಲಿತ್ತು. ಚಪ್ಪಟೆಯಾದದ್ದನ್ನು ನಾಣ್ಯದಂತೆ ಅಚ್ಚಿನಿಂದ ಒತ್ತಬಹುದಾಗಿತ್ತು, ಒಂದು ಅಚ್ಚಿನಿಂದ ನೂರಾರು ಪ್ರತಿಗಳನ್ನು ತೆಗೆಯಬಹುದಾಗಿತ್ತು. ಗಾಯಕರು ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಿದರೆ, ಆ ದನಿಯ ಕಂಪನ ಮೊನೆಯೊಂದನ್ನು ಅಲುಗಿಸಿ ಮೇಣದ ಬಿಲ್ಲೆಯ ಮೇಲೆ ಗೀರು ಕೊರೆಯುತ್ತಿತ್ತು. ಆ ಮೇಣಕ್ಕೆ ಲೋಹದ ಲೇಪ ಕೊಟ್ಟು ಬಿಡಿಸಿ ತೆಗೆದಾಗ, ಗೀರಿದ್ದಲ್ಲಿ ಏಣೆದ್ದ ತಿರುಗುಮುರುಗಾದ ಲೋಹದ ಪಡಿಯಚ್ಚು ದೊರೆಯುತ್ತಿತ್ತು. ಅದರಿಂದ ಹಂತಹಂತವಾಗಿ ಮಾಡಿಕೊಂಡ ಅಚ್ಚನ್ನು ಬಿಸಿಯಾದ ಕರಿಯ ಮುದ್ದೆಯ ಮೇಲೆ ಒತ್ತಿದರೆ ತಟ್ಟೆ ಸಿದ್ಧ.

ಆ ಕರಿಯ ಮುದ್ದೆ ಏನು ಎಂಬಲ್ಲಿ ಈ ಪದದ ಕಥೆಯ ತಿರುಳಿದೆ. ಕಲ್ಲಿನ ಹುಡಿ ಮತ್ತು ಮಸಿಯನ್ನು ಒಂದುಗೂಡಿಸಿ ಹಿಡಿಯುತ್ತಿದ್ದ ಅಂಟು ಅರಗು. ಮುತ್ತುಗ, ಜಾಲ, ಬಾರೆಯಂಥ ಮರಗಳ ಎಳೆಯ ರೆಂಬೆಗಳ ಮೇಲೆ ಪುಟ್ಟ ಹುಳುಗಳು ಸುರಿಸುವ ರಾಳವೇ ಅರಗು. ಇದನ್ನು ಕರಗಿಸಿ, ಸೋಸಿ, ತೆಳುವಾಗಿ ಎಳೆದು ಮಾಡಿದ ಹಾಳೆಯೇ ಇಂಗ್ಲಿಷಿನವರ ಶೆಲ್ಯಾಕ್. ಆ ಕಾಲದಲ್ಲಿ ಜಗತ್ತಿಗೆ ಇದನ್ನು ಹೆಚ್ಚಾಗಿ ಒದಗಿಸುತ್ತಿದ್ದುದು ಭಾರತ, ಅದರಲ್ಲೂ ಛೋಟಾನಾಗಪುರದ ಕಾಡುಗಳು. ಪಾಂಡವರನ್ನು ಸುಡಲೆಂದು ಕಟ್ಟಿಸಿದ ಅರಗಿನ ಮನೆಯ ಮೂಲಕ ಕನ್ನಡಿಗರ ಮಕ್ಕಳಿಗೂ ಪರಿಚಿತವಾಗಿರುವ ಈ ಅರಗೇ, ಕಾಗದಪತ್ರಗಳನ್ನು ಮುಚ್ಚಿ ಮೊಹರು ಹಾಕಲು ಬಳಸುತ್ತಿದ್ದ ಅರಗು ಕೂಡ ಹೌದು. ಅಂದರೆ ಬಿಸಿ ಅರಗಿನ ಮೇಲೆ ಉಂಗುರವನ್ನೊತ್ತಿ, ತಣಿದ ಮೇಲೆ ಅಳಿಸಲಾಗದ ಗುರುತನ್ನು ಉಳಿಸುವ ರಾಜಮುದ್ರೆಯ ಕೆಲಸವೂ, ಬಿಸಿ ಅರಗಿನ ಮೇಲೆ ಅಚ್ಚನ್ನೊತ್ತಿ ಹಾಡನ್ನು ಉಳಿಸುವ ಕಾರ್ಖಾನೆಯ ಕೆಲಸವೂ ಒಂದೇ. ಗ್ರಾಮಫೋನ್ ತಟ್ಟೆಯನ್ನು ‘ಧ್ವನಿಯ ಮುದ್ರಿಕೆ’ ಎಂದಾಗ ಕನ್ನಡ ಉಪಮೆ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿತು.

ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡರಿಕ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು, ಆ ವರ್ಷದ ನವೆಂಬರಿನಲ್ಲಿ ಗಾಯಕಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಮೇಣದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ, ಮತ್ತೆ ಇಲ್ಲಿಗೆ ಬರುತ್ತಿದ್ದವು. ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ಆರಂಭವಾದದ್ದು 1908ರಲ್ಲಿ. ಈ ದೇಶದ ಭಾಷೆಯಾಗಲಿ ಗಾಯಕರಾಗಲಿ ಗೊತ್ತಿಲ್ಲದ ಹ್ಯಾನೋವರಿನ ಕೆಲಸಗಾರರು ಲೇಬಲ್ಲಿನಲ್ಲಿ ಹೆಸರು ತಪ್ಪಬಾರದೆಂದು, ಹಾಡು ಮುಗಿದೊಡನೆ ಗಾಯಕರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವ ಪದ್ಧತಿ ಬಂದಿತು. ಮೂರು ನಿಮಿಷದ ಹಾಡಿನ ಕೊನೆಯ ಕೆಲವು ಕ್ಷಣಗಳಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಹೇಳುವುದನ್ನು ಇಂದಿಗೂ ಆ ಮುದ್ರಿಕೆಗಳಲ್ಲಿ ಕೇಳಬಹುದು. ಆ ದನಿಯಲ್ಲಿ ಅಳುಕಿಲ್ಲ, ಹಾಡು ತನ್ನದೆಂಬ ನೆಚ್ಚು ಇದೆ. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ಈ ಪದ್ಧತಿ, ಕೊನೆಯಲ್ಲಿ ಹೆಸರನ್ನೊತ್ತಿ ಮುಗಿಸುವ ವಚನ ಮತ್ತು ಕೀರ್ತನೆಗಳ ಮುದ್ರಿಕೆಯ ಪಕ್ಕದಲ್ಲಿಯೇ ಬಂದು ಕುಳಿತುದು ಗಮನಿಸಬೇಕಾದ ಸಂಗತಿ. ಒಂದು ಮುಖ್ಯ ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ವಚನಕಾರರು ತಮ್ಮ ಹೆಸರನ್ನು ಮರೆಯಿಸಿ ದೈವದ ಹೆಸರನ್ನು ಇರಿಸಿದರು, ಗೌಹರ್ ಜಾನ್ ತಮ್ಮ ಹೆಸರನ್ನೇ ಹೇಳಿದರು, ಸಮಾಜವು ಹಾಡನ್ನು ಬೇಡಿ, ಹಾಡಿದವಳನ್ನು ದೂರವಿಡುತ್ತಿದ್ದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ. ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿಗೆ ಬಂದ ಅವರು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಆಡುಮಾತಿನಲ್ಲಿ ಮುಂದಾದದ್ದು ‘ಪ್ಲೇಟು’. ಪೆಟ್ಟಿಗೆಗೆ ಕೀಲಿ ಕೊಟ್ಟು, ಪ್ಲೇಟು ಇಟ್ಟು, ಮುಳ್ಳು ಬದಲಾಯಿಸುವುದು ಒಂದು ಕ್ರಮದಂತೆ ನಡೆಯುತ್ತಿತ್ತು. ತಟ್ಟೆಯಲ್ಲಿದ್ದ ಕಲ್ಲಿನ ಹುಡಿಯು ಉಕ್ಕಿನ ಮುಳ್ಳನ್ನು ಸವೆಸುತ್ತಿದ್ದುದರಿಂದ ಒಂದು ಮಗ್ಗುಲಿಗೆ ಒಂದು ಮುಳ್ಳು ಎಂಬ ನಿಯಮವಿತ್ತು, ಆದರೆ ಮುಳ್ಳಿಗೂ ದುಡ್ಡು ಕೊಡಬೇಕಾಗಿದ್ದ ಮನೆಗಳು ಅದನ್ನೇ ಮತ್ತೆ ಮತ್ತೆ ಬಳಸಿದವು, ತಟ್ಟೆಗಳೂ ಅದಕ್ಕೆ ತಕ್ಕಂತೆ ಗರಗರ ಎನ್ನತೊಡಗಿದವು. ಆಡಿದ ಮಾತನ್ನು ಬದಲಿಸಿದವನ ಬಗ್ಗೆ ‘ಪ್ಲೇಟು ಚೇಂಜ್ ಮಾಡಿಬಿಟ್ಟ’ ಎನ್ನುವ ಮಾತು ಈ ಎರಡು ಮಗ್ಗುಲಿನ ತಟ್ಟೆಯ ನೆನಪಿನಿಂದಲೇ ಬಂದಂತಿದೆ. ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಗಾದೆಯ ಪಕ್ಕಕ್ಕೆ, ಗೀರಿನಲ್ಲಿ ಮುಳ್ಳು ಸಿಕ್ಕಿಕೊಂಡ ಪ್ಲೇಟಿನ ಹೋಲಿಕೆಯೂ ಬಂದು ಸೇರಿತು.

ಇನ್ನು ಕೇಳುಗರ ವಿಷಯ. ಕನ್ನಡದಲ್ಲಿ ಮರೆಯಲಾಗದ್ದನ್ನು ‘ಮನಸ್ಸಿನಲ್ಲಿ ಅಚ್ಚೊತ್ತಿದೆ’ ಎನ್ನುತ್ತಾರೆ. ಎಳೆಯ ಕಿವಿಗೆ ಬಿದ್ದ ಮೊದಲ ಮುದ್ರಿಕೆ ಮಾಡುತ್ತಿದ್ದುದು ಇದನ್ನೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಆದರೂ ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದೊಡನೆ ಹೊರಗೋಡಿ, ಕೇಳಿದ ಹಾಡನ್ನು ಅನುಕರಿಸುತ್ತಿದ್ದುದನ್ನು ಗಂಗೂಬಾಯಿ ನೆನಪಿಸಿಕೊಂಡಿದ್ದಾರೆ. ಮುಂದೆ ಅವರದೇ ತಟ್ಟೆಗಳು ಹೊರಬಂದಾಗ ಮೊದಮೊದಲು ಲೇಬಲ್ಲಿನ ಮೇಲೆ ಇದ್ದ ಹೆಸರು ‘ಗಾಂಧಾರಿ’. ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯ ಮುಂದೆ ನಿಂತು ಕೇಳಿದ್ದು ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿಯನ್ನು. ಅಷ್ಟರಿಂದಲೇ ಅವರು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಅವರು ಸೇರಿದ್ದು ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರ ಮನೆಯನ್ನು. ಅರಗಿನಲ್ಲಿ ಉಳಿದಿದ್ದ ಗುರುತು ಹುಡುಗನನ್ನು ಅದೇ ದನಿಯ ಮನೆತನಕ್ಕೆ ತಲುಪಿಸಿತು. ಉಂಗುರವನ್ನು ತೋರಿಸಿ ಪರಿಚಯ ಹೇಳಿದಂತೆ. ಬೆಳಗಾವಿಯ ಹತ್ತಿರದ ಸುಳೇಭಾವಿಯ ಶಿವಪುತ್ರ ಎಂಬ ಹುಡುಗ ದೊಡ್ಡ ಗಾಯಕರ ಮುದ್ರಿಕೆಗಳನ್ನು ಕೇಳಿ, ಒಂದು ಸ್ವರವೂ ತಪ್ಪದಂತೆ ಹಾಡಿ ತೋರಿಸಿ ‘ಕುಮಾರ ಗಂಧರ್ವ’ ಎನ್ನಿಸಿಕೊಂಡ. ಮುಂದೆ ಆತ ಯಾವ ಘರಾಣೆಗೂ, ಎಂದರೆ ಗುರುಪರಂಪರೆಯ ಯಾವ ಗಾಯನಶೈಲಿಗೂ, ಕಟ್ಟುಬೀಳದ ಗಾಯಕನಾದುದು ಅನುಕರಣೆಯ ಆ ಎಳೆತನವನ್ನು ಅಲ್ಲಗಳೆಯುವುದಿಲ್ಲ. ಬೇರೆಯವರ ಮುದ್ರೆಯನ್ನು ಅಷ್ಟು ಆಳವಾಗಿ ಪಡೆದವನಿಗೇ ತನ್ನ ಮುದ್ರೆ ಯಾವುದೆಂಬ ಪ್ರಶ್ನೆ ಅಷ್ಟು ತೀವ್ರವಾಗಿ ಏಳಬಲ್ಲದು.

ಗಂಗೂಬಾಯಿಯೂ ಭೀಮಸೇನರೂ ಕೇಳಿದ್ದು ತಮ್ಮದಲ್ಲದ ತಟ್ಟೆಗಳನ್ನು ಎಂಬುದು ನೆನಪಿನಲ್ಲಿಡಬೇಕಾದ ಮಾತು. ಸ್ವಂತಕ್ಕೆ ಕೊಳ್ಳುವುದು ಉಳ್ಳವರ ಮಾತಾಗಿತ್ತು, ಅಂಗಡಿ ಮತ್ತು ಹೋಟೆಲುಗಳು ಗಿರಾಕಿಗಳನ್ನು ಸೆಳೆಯಲು ಹಾಕುತ್ತಿದ್ದ ಹಾಡೇ ಉಳಿದವರ ಪಾಠಶಾಲೆಯಾಗಿತ್ತು. ನಾಟಕದ ಪದವನ್ನೋ ದೇವರನಾಮವನ್ನೋ ಪಿ. ಕಾಳಿಂಗರಾಯರ ಗೀತೆಯನ್ನೋ ಹೊತ್ತ ಮೊದಲ ತಟ್ಟೆ ಮನೆಗೆ ಬಂದಾಗ, ಇನ್ನೊಂದು ಬರುವವರೆಗೆ ಇದ್ದದ್ದು ಅದೊಂದೇ ಆದ್ದರಿಂದ, ಅದು ನೂರಾರು ಸಲ ತಿರುಗಿತು. ಹಾಡಿನ ಜೊತೆಗೆ ಅದರ ಗೀರಿನ ಟಿಕ್ ಎಂಬ ಸದ್ದೂ ಕೇಳುಗರ ನೆನಪಿನಲ್ಲಿ ಸೇರಿ, ಎಷ್ಟೋ ವರ್ಷಗಳ ಬಳಿಕ ಅದೇ ಹಾಡನ್ನು ಬೇರೆಡೆ ಕೇಳುವಾಗಲೂ ಆ ಜಾಗದಲ್ಲಿ ಕಿವಿ ಟಿಕ್ ಎಂಬುದಕ್ಕೆ ಕಾಯುತ್ತಿತ್ತು. ಕೊಳ್ಳುವುದನ್ನೇ ದೊಡ್ಡ ಆಶ್ರಯವಾಗಿ ಮಾಡಿದವರೂ ಇದ್ದರು: ಪಾಶ್ಚಾತ್ಯ ಸಂಗೀತದ ಮುದ್ರಿಕೆಗಳನ್ನು ಅಪಾರವಾಗಿ ಕೂಡಿಟ್ಟಿದ್ದ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಅವರದೇ ಪಿಯಾನೊ ವಾದನದಲ್ಲಿ ತಟ್ಟೆಗಳಾಗಿ ಉಳಿಯಲೆಂದು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದರು.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅರಗಿನ ತಟ್ಟೆಯ ಜಾಗಕ್ಕೆ, 1948ರಿಂದೀಚೆಗೆ, ನಿಧಾನವಾಗಿ ತಿರುಗಿ ಹೆಚ್ಚು ಹೊತ್ತು ಹಾಡುವ ವಿನೈಲ್ ತಟ್ಟೆ ಬಂದಿತು. ಅರಗು ಹೋಯಿತು, ಒತ್ತುವ ಕ್ರಮ ಉಳಿಯಿತು, ಪದವೂ ಉಳಿಯಿತು. ಕವಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದ ಕಾಲಕ್ಕೆ ‘ಧ್ವನಿಸುರುಳಿ’ ಎಂಬ ಹೊಸ ಪದ ಬೇಕಾಯಿತು, ಸುತ್ತಿಕೊಂಡ ಪಟ್ಟಿಗೆ ಸುರುಳಿ ಸಹಜವಾಗಿ ಹೊಂದಿ ಬಾಳಿತು. ಸಿ.ಡಿ.ಗೆ ಕಟ್ಟಿದ ‘ಧ್ವನಿಸಾಂದ್ರಿಕೆ’ ಮಾತ್ರ ಇಂಗ್ಲಿಷ್ ಹೆಸರಿನ ನೆರಳಾಗಿಯೇ ಉಳಿದು, ಬಿಡುಗಡೆ ಸಮಾರಂಭಗಳ ಆಹ್ವಾನಪತ್ರಿಕೆಯನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. ಈಗ ಹಾಡಿಗೆ ಮುಟ್ಟುವ ಒಡಲೇ ಇಲ್ಲದಿದ್ದರೂ, ಹಾಡುವುದನ್ನು ಹಿಡಿದಿಡುವ ಕೆಲಸಕ್ಕೆ ಕನ್ನಡದಲ್ಲಿರುವ ಹೆಸರು ಇನ್ನೂ ‘ಧ್ವನಿಮುದ್ರಣ’ವೇ.

ಹಳೆಯ ಮನೆಗಳ ಅಟ್ಟದಲ್ಲಿ ಅರಗಿನ ತಟ್ಟೆಗಳು ಇನ್ನೂ ಇವೆ. ಬಿಸಿಲು ತಾಗಿದರೆ ಅವು ಬಾಗುತ್ತವೆ, ಕೈಜಾರಿದರೆ ಒಡೆಯುತ್ತವೆ, ಒಂದರ ಮೇಲೊಂದು ಪೇರಿಸಿಟ್ಟರೆ ಭಾರಕ್ಕೆ ಸೀಳುತ್ತವೆ. ನೆರಳಿನಲ್ಲಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು. ಅಂಥ ತಟ್ಟೆಗಳು ಯಾರ ಮನೆಯಲ್ಲಿವೆಯೋ ಅವರು, ಮನೆಯ ಹಿರಿಯರು ಹೇಳಬಲ್ಲವರಾಗಿರುವಾಗಲೇ, ಮೊದಲು ಕೊಂಡದ್ದು ಯಾವುದು, ಯಾವ ಊರಿನ ಅಂಗಡಿಯಲ್ಲಿ, ಯಾರಿಗಾಗಿ ಎಂಬುದನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಲಕೋಟೆಯೊಳಗೆ ಇಡಲಿ.