ಬಿಡಬ್ಲ್ಯುಸಿ-0977
ಬೆಂಗಳೂರಿನ ಬಗ್‌ವರ್ಕ್ಸ್ ರಿಸರ್ಚ್ ಸಂಸ್ಥೆ (ಸ್ಥಾಪನೆ: 2014) ರೂಪಿಸಿದ, ಇನ್ನೂ ಪ್ರಯೋಗದ ಹಂತದ ಪ್ರತಿಜೀವಕ. ಇದು ಎದುರಿಸಬೇಕಾದ ಗ್ರಾಂ-ಋಣಾತ್ಮಕ ಬ್ಯಾಕ್ಟೀರಿಯಾಗಳು ಹಠಮಾರಿಗಳು: ಹೊರಪೊರೆ ಔಷಧವನ್ನು ತಡೆಯುತ್ತದೆ, ನುಸುಳಿದ್ದನ್ನು ಪೊರೆಯಲ್ಲಿನ ಪಂಪುಗಳು ಹೊರದಬ್ಬುತ್ತವೆ. ಈ ಔಷಧ ಡಿಎನ್‌ಎ ನಕಲಿಗೆ ಬೇಕಾದ ಗೈರೇಸ್, ಟೋಪೋಐಸೊಮರೇಸ್-4 ಎರಡೂ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಒಂದು ಕಿಣ್ವ ರೂಪ ಬದಲಿಸಿದರೂ ಇನ್ನೊಂದು ಔಷಧದ ಕೈಗೆ ಸಿಗುತ್ತದೆ. ಔಷಧದ ನಿಜವಾದ ಬಲ ಇದೇ.

ಇಂಥ ಔಷಧದ ಮೊದಲ ಪರೀಕ್ಷೆ ನಡೆಯುವುದು 96 ಗುಳಿಗಳ ಪುಟ್ಟ ತಟ್ಟೆಯಲ್ಲಿ. ಗುಳಿಯಿಂದ ಗುಳಿಗೆ ಔಷಧ ಅರ್ಧದಷ್ಟು ಇಳಿಯುತ್ತದೆ. ಬ್ಯಾಕ್ಟೀರಿಯಾ ಬೆರೆಸಿ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಬ್ಯಾಕ್ಟೀರಿಯಾ ಬೆಳೆದ ಗುಳಿಗಳು ನೀರುಮಜ್ಜಿಗೆಯಂತೆ ಮಬ್ಬು, ಬೆಳೆಯದವು ತಿಳಿ. ತಿಳಿಯಾಗಿ ಉಳಿದವುಗಳಲ್ಲಿ ಅತಿ ಕಡಿಮೆ ಔಷಧವಿದ್ದ ಗುಳಿಯ ಅಳತೆಯೇ ಕನಿಷ್ಠ ಪ್ರತಿಬಂಧಕ ಸಾಂದ್ರತೆ. ಪ್ರಯೋಗಾಲಯ ದಾಟಿದ ಬಿಡಬ್ಲ್ಯುಸಿ-0977ರ, ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗ ಆಸ್ಟ್ರೇಲಿಯಾದಲ್ಲಿ ನಡೆಯಿತು.