ವಿಜಯಪುರದಲ್ಲಿ ಎರಡು ದಿನ: ಒಂದು ಹಳೆಯ ಬಾಕಿ

ನನ್ನ ಕೈಯಲ್ಲಿ ಇತಿಹಾಸ ಕಲಿತ ನಿಮ್ಮಲ್ಲಿ ಹಲವರಿಗೆ ಬಿಜಾಪುರದ ಪ್ರವಾಸ ನೆನಪಿರಬಹುದು. ಕಲ್ಯಾಣ ಚಾಲುಕ್ಯರ ಕಾಲದ 'ವಿಜಯಪುರ' ಎಂಬ ಹೆಸರು ಆ ಊರಿಗೆ ಅಧಿಕೃತವಾಗಿ ಮರಳಿದ್ದು 2014ರ ನವೆಂಬರ್ 1ರಂದು. 1991ರಿಂದ 2012ರವರೆಗೆ ನಾನು ಅಲ್ಲಿಗೆ ನಾಲ್ಕು ಬಾರಿ ಹೋದೆ. ನಾಲ್ಕು ಬಾರಿಯೂ ಶಾಲಾ ಪ್ರವಾಸದ ಮೇಲ್ವಿಚಾರಕನಾಗಿ, ಕೈಯಲ್ಲಿ ಹಾಜರಿ ಪಟ್ಟಿ, ಕೊರಳಲ್ಲಿ ಸೀಟಿ. ಕೂಡಲಸಂಗಮ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನೂ ಎರಡೇ ದಿನದಲ್ಲಿ ಮುಗಿಸಬೇಕಾಗಿದ್ದರಿಂದ ಗೋಲಗುಮ್ಮಟಕ್ಕೆ ಒಂದು ಗಂಟೆಗಿಂತ ಹೆಚ್ಚು ಸಿಕ್ಕಿದ್ದಿಲ್ಲ.

ಆ ನಾಲ್ಕೂ ಪ್ರವಾಸಗಳ ಹಿಂದಿನ ರಾತ್ರಿ ನನ್ನ ಶ್ರೀಮತಿ ಮೂರು ಗಂಟೆಗೇ ಎದ್ದು ಒಲೆ ಹಚ್ಚಿದ್ದಳು. ನನಗಷ್ಟೇ ಅಲ್ಲ, ಬುತ್ತಿ ತರಲಾಗದ ಮಕ್ಕಳಿಗೂ ಸೇರಿಸಿ ಚಪಾತಿ, ಶೇಂಗಾ ಚಟ್ನಿಪುಡಿ, ಹುಳಿಯನ್ನ ಕಟ್ಟಿ ಕೊಡುತ್ತಿದ್ದಳು. ಆ ಬುತ್ತಿ ಉಂಡವರು ಈಗ ಇದನ್ನು ಓದುತ್ತಿದ್ದೀರಿ. 1991ರಲ್ಲಿ, ಮದುವೆಯಾಗಿ ಎರಡು ವರ್ಷವಾಗಿತ್ತು, "ನಾನೂ ಬರಲಾ?" ಎಂದು ಕೇಳಿದ್ದಳು. "ಇದು ಶಾಲೆಯ ಪ್ರವಾಸ. ಮುಂದೆ ನಾವಿಬ್ಬರೇ ಹೋಗೋಣ" ಎಂದಿದ್ದೆ. ಆ 'ಮುಂದೆ' ಬರಲು ಮೂರು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ನಾನು ನಿವೃತ್ತನಾದ ಮೇಲೂ ಮಗಳ ಮದುವೆ, ಮನೆಯ ಸಾಲ, ನನ್ನ ಕಣ್ಣಿನ ಶಸ್ತ್ರಚಿಕಿತ್ಸೆ ಎಂದು ದಿನಗಳು ಉರುಳಿದವು. ಕೊನೆಗೆ ಕಳೆದ ಡಿಸೆಂಬರಿನಲ್ಲಿ ದಾವಣಗೆರೆಯಿಂದ ರಾತ್ರಿಯ ರೈಲು ಹತ್ತಿದೆವು. ಅಭ್ಯಾಸಬಲದಿಂದ ಆಕೆ ಬುತ್ತಿ ಕಟ್ಟಲು ಹೊರಟಾಗ, ಈ ಸಲ ಬೇಡವೆಂದು ತಡೆದೆ.

ವಿಜಯಪುರವನ್ನು ನೋಡಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಲೇಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ಕಲ್ಲು ಹಾಸಿನ ಮೇಲೆ ಬರಿಗಾಲಿಡುವುದು ಕಷ್ಟ. ಸ್ಮಾರಕಗಳು ಊರಿನ ಪೂರ್ವ, ಪಶ್ಚಿಮಗಳಲ್ಲಿ ಹರಡಿಕೊಂಡಿರುವುದರಿಂದ ಒಂದು ದಿನ ಪೂರ್ವಕ್ಕೆ, ಒಂದು ದಿನ ಪಶ್ಚಿಮಕ್ಕೆ ಎಂದು ಹಂಚಿಕೊಳ್ಳುವುದು ಅನುಕೂಲ. ಗೋಲಗುಮ್ಮಟ ರೈಲು ನಿಲ್ದಾಣಕ್ಕೆ ಸಮೀಪದಲ್ಲೇ ಇದೆ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಹೋಗಬೇಕು. ಹತ್ತು ಗಂಟೆಗೆ ಶಾಲಾ ಬಸ್ಸುಗಳು ಬಂದವೆಂದರೆ ಅಲ್ಲಿ ಕೇಳುವುದು ಕೂಗಾಟವೊಂದೇ.

ಗುಮ್ಮಟದ ಎದುರು ನಿಂತಾಗ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕಾಯಿತು. ಅದನ್ನು ನಿಮ್ಮ ಮುಂದೆಯೂ ಮಾಡುತ್ತೇನೆ. 'ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ ಯಾವುದು?' ಎಂಬ ಒಂದು ಅಂಕದ ಪ್ರಶ್ನೆಗೆ ಗೋಲಗುಮ್ಮಟ ಎಂದು ಬರೆದವರಿಗೆಲ್ಲ ಅಂಕ ಕೊಟ್ಟವನು ನಾನು. ಗೋಲಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ರೋಮಿನ ಪ್ಯಾಂಥಿಯನ್, ಅಲ್ಲಿಯದೇ ಸಂತ ಪೀಟರರ ಚರ್ಚು, ಫ್ಲಾರೆನ್ಸಿನ ಕೆಥೆಡ್ರಲ್ ಮೂರೂ ಇದಕ್ಕಿಂತ ಅಗಲವಾದವು. ಆದುದರಿಂದ 'ಎರಡನೆಯ' ಎಂಬ ಮಾತು ನಿಲ್ಲುವುದಿಲ್ಲ. ಆದರೆ ಸ್ಥಾನ ಹೋದ ಮಾತ್ರಕ್ಕೆ ಕಟ್ಟಡದ ಹಿರಿಮೆ ಕುಗ್ಗದು. ಕೆಳಗೆ ಸುಮಾರು 135 ಅಡಿ ಚೌಕದ ಒಂದೇ ಕೋಣೆ, ನಡುವೆ ಒಂದು ಕಂಬವೂ ಇಲ್ಲ. ಗೋಡೆಗಳಿಂದೆದ್ದ ಎಂಟು ಕಮಾನುಗಳು ಒಂದನ್ನೊಂದು ಹೆಣೆದುಕೊಂಡು ಒಳಕ್ಕೆ ಬಾಗುತ್ತ ಚೌಕವನ್ನು ವೃತ್ತವಾಗಿಸುತ್ತವೆ. ಆ ವೃತ್ತದ ಮೇಲೆ ಗುಮ್ಮಟ ಕುಳಿತಿದೆ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಿದು. ಬಿ.ಎಡ್. ಓದುವಾಗ ನಾನು ಇದರ ಮೇಲೆ ಪಾಠಯೋಜನೆ ಬರೆದು, ರಟ್ಟಿನ ಮೇಲೆ ಚಿತ್ರವನ್ನೂ ಅಂಟಿಸಿದ್ದೆ. ಕಮಾನುಗಳ ಈ ಹೆಣಿಗೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮೂಲೆಗೋಪುರದೊಳಗಿನ ಮೆಟ್ಟಿಲುಗಳು ಕಿರಿದು, ಎತ್ತರ. ಏಳು ಅಂತಸ್ತು ಏರಬೇಕು. ಮಂಡಿನೋವಿರುವವರು ಪ್ರತಿ ಅಂತಸ್ತಿನ ಕಿಟಕಿಯ ಬಳಿ ನಿಂತು ಉಸಿರು ತಿರುಗಿಸಿಕೊಂಡು ಹತ್ತುವುದು ಒಳ್ಳೆಯದು. ನಾವು ಅರ್ಧ ಗಂಟೆಯಲ್ಲಿ ಮೇಲೆ ತಲುಪಿದೆವು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಆಕೆಯನ್ನು ಒಂದು ಕಡೆ ಗೋಡೆಗೊರಗಿ ಕೂರಿಸಿ, ನಾನು ಸುತ್ತು ಹಾಕಿ ಎದುರಿಗೆ ಹೋಗಿ ಕುಳಿತು ಗೋಡೆಗೆ ಕಿವಿಗೊಟ್ಟೆ. ಪಕ್ಕದಲ್ಲೇ ಕುಳಿತು ಹೇಳಿದಷ್ಟು ಸ್ಪಷ್ಟವಾಗಿ ಆಕೆಯ ದನಿ ಕೇಳಿತು: "ರೀ, ಬಿ.ಪಿ. ಮಾತ್ರೆ ತಗೊಂಡ್ರಾ?" ನಾಲ್ಕು ಬಾರಿ ಹೋಗಿಯೂ ನಾನು ಆ ಗುಮ್ಮಟದಲ್ಲಿ ಪಿಸುಮಾತನ್ನು ಕೇಳಿರಲಿಲ್ಲ. ಗದ್ದಲ ಮಾಡಬೇಡಿ ಎಂದು ಸೀಟಿ ಊದಿದ್ದಷ್ಟೇ ನೆನಪು. ಮಾತ್ರೆ ತೆಗೆದುಕೊಂಡಿರಲಿಲ್ಲ, ಅಲ್ಲಿಯೇ ನುಂಗಿದೆ.

ಕೆಳಗಿಳಿದ ಮೇಲೆ ಎದುರಿನ ನಗಾರಿಖಾನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ನೋಡಿದೆವು. ಶಾಸನಗಳು, ಹಳೆಯ ಜಮಖಾನೆಗಳು, ಪಿಂಗಾಣಿ, ಆಯುಧಗಳು ಅಲ್ಲಿವೆ. ಶುಕ್ರವಾರ ಅದಕ್ಕೆ ರಜೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸತೊಡಗಿದ ಜುಮ್ಮಾ ಮಸೀದಿ, ಅವನದೇ ಗಗನ ಮಹಲು, ಸಂಜೆಗೆ ಎರಡನೆಯ ಅಲಿ ಆದಿಲ್‌ಶಾಹನ ಮುಗಿಯದ ಸಮಾಧಿ ಬಾರಾ ಕಮಾನು. 1565ರ ರಕ್ಕಸತಂಗಡಿ ಯುದ್ಧದ ಬಳಿಕ ಈ ಊರಿಗೆ ಸಂಪತ್ತು ಹರಿದು ಬಂತು. 1686ರಲ್ಲಿ ಔರಂಗಜೇಬನ ವಶವಾದ ಮೇಲೆ ಊರು ಸೊರಗಿತು. ಇಷ್ಟನ್ನು ನಾನು ಕಪ್ಪು ಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಬಾರಾ ಕಮಾನಿನ ಮೊಂಡು ಕಮಾನುಗಳ ನಡುವೆ ನಿಂತು ಅದನ್ನೇ ಶ್ರೀಮತಿಗೂ ಹೇಳಿದೆ. ಎಲ್ಲವನ್ನೂ ಸಮಾಧಾನದಿಂದ ಕೇಳಿ ಆಕೆ ಅಂದಳು: "ಅದೆಲ್ಲ ಸರಿ. ಇಷ್ಟು ದೊಡ್ಡ ಊರಿಗೆ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ನಲ್ಲಿಯಿರಲಿಲ್ಲ. ಹನ್ನೊಂದು ವರ್ಷ ಆಕೆ ಬೀದಿಯ ಬೋರ್‌ವೆಲ್ಲಿನಿಂದ ಕೊಡ ಹೊತ್ತವಳು. ನಾನು ಆ ಹೊತ್ತಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಊರೆಂದರೆ ಆಕೆಗೆ ಮೊದಲು ನೀರು. ನನಗೆ ಮೊದಲು ಇಸವಿ. ಆ ರಾತ್ರಿ ವಸತಿಗೃಹದಲ್ಲಿ ಮಗಳು ಕೊಡಿಸಿದ ಮೊಬೈಲಿನಲ್ಲಿ ಹುಡುಕಿ ಓದಿದೆ. ಎರಡನೆಯ ದಿನದ ನಮ್ಮ ಕಾರ್ಯಕ್ರಮ ಅದರಿಂದಲೇ ಬದಲಾಯಿತು.

ಆದಿಲ್‌ಶಾಹಿಗಳು ನೀರನ್ನು ನೆಲದಡಿಯಲ್ಲಿ ತಂದಿದ್ದರು. ಪಶ್ಚಿಮದ ತೊರವಿಯ ಕಡೆಯಿಂದ ಸುರಂಗ ಕಾಲುವೆ. ದಕ್ಷಿಣದಲ್ಲಿ ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನಿಂದ ಗಾರೆಯ ಕವಚದೊಳಗೆ ಹೂತ ಸುಟ್ಟ ಮಣ್ಣಿನ ಕೊಳವೆಗಳು. ದಾರಿಯುದ್ದಕ್ಕೂ ಅಲ್ಲಲ್ಲಿ 'ಗಂಜ್' ಎಂಬ ಚೌಕಾಕಾರದ ಗೋಪುರಗಳು. ನೀರು ಅವುಗಳೊಳಗೆ ಏರಿ ಇಳಿಯುವುದರಿಂದ ಕೊಳವೆಯ ಮೇಲಿನ ಒತ್ತಡ ತಗ್ಗುತ್ತಿತ್ತು, ಕೆಸರು ತಳದಲ್ಲಿ ಕೂರುತ್ತಿತ್ತು. ಅಂಥ ಗೋಪುರಗಳು ಊರೊಳಗೆ ಇಂದಿಗೂ ನಿಂತಿವೆ. ನಾಲ್ಕು ಪ್ರವಾಸಗಳಲ್ಲೂ ನಾನು ಅವುಗಳ ಪಕ್ಕದಲ್ಲೇ ಬಸ್ಸಿನಲ್ಲಿ ಹಾದುಹೋಗಿರಬೇಕು. ಇದಲ್ಲದೆ ಬಾವಡಿಗಳು: ಒಂದನೆಯ ಅಲಿ ತನ್ನ ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ 1579ರಲ್ಲಿ ಕಟ್ಟಿಸಿದ ಚಾಂದ್ ಬಾವಡಿ, ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜ್ ಬಾವಡಿ.

ಬೆಳಿಗ್ಗೆ ಆಟೋದವನಿಗೆ ಮೊದಲು ತಾಜ್ ಬಾವಡಿ ಎಂದಾಗ ಆತ ಒಮ್ಮೆ ತಿರುಗಿ ನೋಡಿದ. ಎರಡು ಎಂಟು ಮೂಲೆಯ ಬುರುಜುಗಳ ನಡುವೆ ಭಾರಿ ಕಮಾನು, ಅದರಡಿಯಿಂದ ಮೆಟ್ಟಿಲಿಳಿದರೆ ಕಣ್ಣೆದುರು ವಿಶಾಲವಾದ ಚೌಕ ಕೊಳ. ಶ್ರೀಮತಿ ಮೆಟ್ಟಿಲ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದಳು. "ಇಲ್ಲಿಂದ ನೀರು ಹೊತ್ತವರ ಹೆಸರು ಎಲ್ಲಾದರೂ ಬರೆದಿದ್ದಾರಾ?" ಎಂದು ಕೇಳಿದಳು. ಇಲ್ಲ ಎಂದೆ. ಆಕೆ ಬೇರೇನೂ ಹೇಳಲಿಲ್ಲ. ನನಗೂ ಪಾಠ ಹೇಳುವ ಉತ್ಸಾಹ ಉಳಿಯಲಿಲ್ಲ.

ಅಲ್ಲಿಂದ ಇಬ್ರಾಹಿಂ ರೋಜಾ. ಒಂದೇ ಜಗತಿಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ. ತಾಜ್ ಸುಲ್ತಾನಳಿಗೆಂದು ಆರಂಭವಾದ ಕಟ್ಟಡವಿದು. ಆದರೆ 1627ರಲ್ಲಿ ಇಬ್ರಾಹಿಮನೇ ತೀರಿಕೊಂಡು ಅವನ ಸಮಾಧಿಯೂ ಇಲ್ಲಿಯೇ ಆಯಿತು. ಆಗ್ರಾದ ತಾಜಮಹಲಿನ ಕೆಲಸ ಶುರುವಾದದ್ದು ಇನ್ನೂ ಐದು ವರ್ಷಗಳ ಬಳಿಕ. ಇಲ್ಲಿ ಕಿಟಕಿಗಳ ಬಳಿ ತಪ್ಪದೆ ನಿಲ್ಲಿ. ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದಿದ್ದಾರೆ. ಬೆಳಕು ಬರಹದ ಸಂದಿಯಿಂದಲೇ ಒಳಬರುತ್ತದೆ. ಈ ಇಬ್ರಾಹಿಮನೇ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವ್ರಸ್' ಎಂಬ ಹಾಡುಗಳ ಗ್ರಂಥ ರಚಿಸಿ, ಅದರಲ್ಲಿ ಸರಸ್ವತಿ, ಗಣಪತಿಯರನ್ನು ಸ್ತುತಿಸಿದವನು. ಜನ ಅವನನ್ನು 'ಜಗದ್ಗುರು' ಎಂದು ಕರೆದರು.

ಕೊನೆಗೆ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಲ್ಲಿ ಸಿಂಹ ಆನೆಯನ್ನು ನುಂಗುತ್ತಿದೆ. 1854ರಲ್ಲಿ ಬ್ರಿಟಿಷರು ಇದನ್ನು ಹಳೆಯ ಸಾಮಾನೆಂದು ಹರಾಜಿಗಿಟ್ಟಾಗ ಬಂದ ಅತ್ಯಧಿಕ ಬೆಲೆ 150 ರೂಪಾಯಿ. ಮಾರಾಟ ಕೈಬಿಟ್ಟಿದ್ದರಿಂದ ತೋಪು ಉಳಿಯಿತು. "ಸಾಗಿಸೋ ಖರ್ಚು ನೆನೆದು ಯಾರೂ ಹೆಚ್ಚಿಗೆ ಕೂಗಿರಲಿಕ್ಕಿಲ್ಲ" ಎಂದಳು ಶ್ರೀಮತಿ.

ಇನ್ನು ಊಟದ ಮಾತು. ಹೋಟೆಲಿನ ಇಡ್ಲಿ, ದೋಸೆಗೆ ನಮ್ಮೂರೇ ಸಾಕು. ಅಲ್ಲಿ ಖಾನಾವಳಿಗೇ ಹೋಗಬೇಕು. ಡೋಣಿ ನದಿಯ ಎರೆಮಣ್ಣಿನಲ್ಲಿ ಬೆಳೆದ ಬಿಳಿಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ ಮತ್ತು ಹಸಿ ಮೆಂತ್ಯಸೊಪ್ಪು. ಖಾರಕ್ಕೆ ಅಂಜುವವರು ಮೊದಲೇ ಮೊಸರು ಹೇಳಿಟ್ಟುಕೊಳ್ಳಿ. ಬಡಿಸುವ ಅಕ್ಕ "ಇನ್ನೊಂದ್ ರೊಟ್ಟಿ ಹಾಕ್ಸ್ಕೋರಿ ಅಕ್ಕಾರ, ಸಣ್ಣಾಕ ಐತಿ" ಎಂದು ಶ್ರೀಮತಿಯ ತಟ್ಟೆಗೆ ಬಿಸಿರೊಟ್ಟಿ ಹಾಕಿದಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಆ ದಿನ ನನಗಿಂತ ಮೊದಲು ಉಂಡಳು.

ಖರೀದಿಗೆ ಗಾಂಧಿ ಚೌಕದ ಸುತ್ತಲಿನ ಪೇಟೆ. ಒಣದ್ರಾಕ್ಷಿ ಆ ಜಿಲ್ಲೆಯ ಬೆಳೆ. ಕೈಯಲ್ಲಿ ಹಿಡಿದು ಹಿಚುಕಿ, ಒಂದೆರಡು ಬಾಯಿಗೆ ಹಾಕಿಕೊಂಡು ನೋಡಿ ಕೊಳ್ಳಿ. ತೀರ ಹೊಳೆಯುವುದೇ ಒಳ್ಳೆಯದೆಂದು ಭಾವಿಸಬೇಡಿ. ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳೂ ಇಲ್ಲಿ ಸಿಗುತ್ತವೆ. ಇಳಕಲ್ಲ ಸೀರೆಯ ಗುರುತು ಅದರ ಸೆರಗು: ಒಡಲಿನ ಹಾಸುದಾರಕ್ಕೆ ಸೆರಗಿನ ಹಾಸುದಾರವನ್ನು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಶ್ರೀಮತಿ ಸೀರೆಯನ್ನು ಬಿಡಿಸಿ ಆ ಕೂಡುಗೆರೆಯನ್ನು ಬೆರಳಿನಿಂದ ಸವರಿ, ನಾಲ್ಕನ್ನು ಬದಿಗಿಟ್ಟು, ಐದನೆಯದನ್ನು ಆರಿಸಿದಳು. ಬೆಲೆ ಕೇಳಿ ಮಡಚಿಡಲು ಹೊರಟಳು. ಈ ಸಲ ನಾನು ಚೌಕಾಸಿಗೂ ಬಿಡಲಿಲ್ಲ.

ಮರಳುವ ರೈಲಿನಲ್ಲಿ ನನ್ನ ಕ್ಷಮೆಯಾಚನೆಯ ಮಾತು ಗಂಟಲಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ಆಕೆಗೆ ನಿದ್ದೆ ಹತ್ತಿತ್ತು. ಅದನ್ನಿಲ್ಲಿ ಬರೆದಿದ್ದೇನೆ, ಆಕೆ ನನ್ನ ಬರಹಗಳನ್ನು ಓದುತ್ತಾಳೆ.

ನಿಮ್ಮಲ್ಲಿ ಮೇಷ್ಟ್ರಾದವರು, ಮೇಡಂ ಆದವರು ಹಲವರಿದ್ದೀರಿ. ಆದಿಲ್‌ಶಾಹಿಗಳ ಪಾಠ ಮಾಡುವಾಗ ಆ ಗಂಜ್ ಗೋಪುರಗಳ ಬಗ್ಗೆ ಹತ್ತು ನಿಮಿಷ ಹೇಳಿ, ನಾನು ಹೇಳದೆ ಬಿಟ್ಟದ್ದನ್ನು ಸರಿಪಡಿಸಿ. ವಿಜಯಪುರಕ್ಕೆ ಹೋಗುವುದಾದರೆ, ಇಷ್ಟು ವರ್ಷ ನಿಮಗೆ ಬುತ್ತಿ ಕಟ್ಟಿದವರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರು ಕೇಳುವ ಪ್ರಶ್ನೆಗಳಿಗೆ ಸಮಯವಿಟ್ಟುಕೊಳ್ಳಿ. ನಮ್ಮ ಮುಂದಿನ ಪಯಣ ಬೀದರಿಗೆ. ಅಲ್ಲಿಯೂ ನೆಲದಡಿಯಲ್ಲಿ ಕರೇಜ್ ಎಂಬ ಹಳೆಯ ನೀರಿನ ಸುರಂಗಗಳಿವೆ ಎಂದು ಹೇಳಿದ್ದೇ ತಡ, ಶ್ರೀಮತಿ ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿದ್ದಾಳೆ.